ಜೂಲಿಯನ್ ಕಾಡ್ಮನ್: ಸಾಮ್ರಾಜ್ಯನೂ ಬೇಡ, ಪಾನನಿಷೇಧನೂ ಬೇಡ ಅಂದ ಬಾಸ್ಟನ್ ವಕೀಲನ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಯಾರಪ್ಪಾ ಈ ಕಾಡ್ಮನ್? ಹೆಸರೇ ಕೇಳಿಲ್ವಲ್ಲ?

ಕೇಳಿರಲ್ಲ ಬಿಡಿ, ಅಮೆರಿಕದಲ್ಲೇ ತುಂಬಾ ಜನ ಕೇಳಿಲ್ಲ. 1870ರಲ್ಲಿ ಹುಟ್ಟಿ 1932ರಲ್ಲಿ ತೀರ್ಕೊಂಡ ಬಾಸ್ಟನ್ ವಕೀಲ, ಹಳೇ ದುಡ್ಡಿನ ಮನೆತನ, ಹಾರ್ವರ್ಡ್‌ನಲ್ಲಿ ಓದಿದವ್ರು. ಇಂಥಾ ಹಿನ್ನೆಲೆಯವ್ರು ಸಾಮಾನ್ಯವಾಗಿ ಆಸ್ತಿ ಪತ್ರ, ಟ್ರಸ್ಟ್, ಕಂಪನಿ ಕೆಲಸ ನೋಡ್ಕೊಂಡು ಆರಾಮಾಗಿ ಇದ್ದುಬಿಡ್ತಾರೆ. ಇವ್ರು ಎರಡು ಸಲ ತಮ್ಮದೇ ಸರ್ಕಾರದ ಎದುರು ನಿಂತ್ರು. ಮೊದಲನೇ ಸಲ 1902ರಲ್ಲಿ, ಆ್ಯಂಟಿ ಇಂಪೀರಿಯಲಿಸ್ಟ್ ಲೀಗ್ (ಸಾಮ್ರಾಜ್ಯ ವಿರೋಧಿ ಸಂಘ) ಅನ್ನೋರ ಜೊತೆ ಸೇರಿ, ಫಿಲಿಪೈನ್ಸ್‌ನಲ್ಲಿ ಅಮೆರಿಕದ ಸೈನ್ಯ ಮಾಡ್ತಿದ್ದ ಅನಾಚಾರದ ವಿಷಯಕ್ಕೆ. ಎರಡನೇ ಸಲ 1920ರ ದಶಕದಲ್ಲಿ, ಇಡೀ ದೇಶಕ್ಕೆ ಹೇರಿದ್ದ ಪಾನನಿಷೇಧದ ವಿಷಯಕ್ಕೆ. ಈ ಎರಡು ಕೇಸ್ ಬಿಟ್ರೆ ಇವ್ರ ಬಗ್ಗೆ ನಾವು ಕೂತು ಮಾತಾಡೋ ಅಂಥದ್ದು ಜಾಸ್ತಿ ಇಲ್ಲ, ಆದ್ರೆ ಆ ಎರಡೇ ಸಾಕು.

ಎರಡಕ್ಕೂ ಏನ್ ಸಂಬಂಧ? ಒಂದು ಯುದ್ಧ, ಇನ್ನೊಂದು ಬಿಯರ್.

ಇದನ್ನ ಎಲ್ರೂ ಕೇಳ್ತಾರೆ. ಮೇಲ್ನೋಟಕ್ಕೆ ಸಂಬಂಧ ಇಲ್ಲ ಅನ್ಸುತ್ತೆ ನಿಜ. ಆದ್ರೆ ಸರ್ಕಾರ ಎರಡೂ ಕಡೆ ಹೇಳ್ತಿದ್ದದ್ದು ಒಂದೇ ಮಾತು, ನಿಮ್ಮ ಉದ್ಧಾರಕ್ಕೇ ಇದನ್ನ ಮಾಡ್ತಿದೀವಿ, ನೀವು ಒಪ್ಪದಿದ್ರೂ ಮಾಡ್ತೀವಿ ಅಂತ. ಫಿಲಿಪೈನ್ಸ್ ಜನಕ್ಕೆ ನಾಗರಿಕತೆ ಕಲಿಸ್ತೀವಿ ಅಂತ ಬಂದೂಕು ತಗೊಂಡು ಹೋದ್ರು, ಊರಲ್ಲಿರೋ ಕೂಲಿ ಕಾರ್ಮಿಕನಿಗೆ ಸದ್ಗುಣ ಕಲಿಸ್ತೀವಿ ಅಂತ ಅಬಕಾರಿ ಏಜೆಂಟನ್ನ ಕಳ್ಸಿದ್ರು.

ನನಗೆ ಇದಕ್ಕಿಂತ ಇಂಟರೆಸ್ಟಿಂಗ್ ಅನ್ಸೋದು ಇವ್ರು ಕೆಲಸ ಮಾಡಿದ ರೀತಿ. ಎರಡು ಸಲವೂ ಇವ್ರು ಭಾಷಣ ಬಿಗಿದು ಗೆಲ್ಲೋಕೆ ಹೋಗ್ಲಿಲ್ಲ. ಸರ್ಕಾರದ್ದೇ ಕಾಗದ, ಸರ್ಕಾರದ್ದೇ ಅಧಿಕಾರಿಗಳ ಹೇಳಿಕೆ, ಸರ್ಕಾರದ್ದೇ ಕೋರ್ಟ್ ಮಾರ್ಷಲ್ (ಸೈನ್ಯದ ಒಳಗಿನ ಕೋರ್ಟ್) ರೆಕಾರ್ಡ್ ಇದನ್ನೆಲ್ಲ ತಂದು ಟೇಬಲ್ ಮೇಲೆ ಇಟ್ಟು ಈಗ ಹೇಳಿ ಸ್ವಾಮಿ ಅಂದ್ರು. ಎದುರು ಪಾರ್ಟಿ ಸಾಕ್ಷಿಯಿಂದಲೇ ಕೇಸ್ ಗಟ್ಟಿ ಮಾಡ್ಕೊಳ್ಳೋದು ಅಂತ ನಮ್ಮ ತಾಲ್ಲೂಕು ಕೋರ್ಟ್ ಹಳೇ ವಕೀಲ್ರು ಹೇಳ್ತಾರಲ್ಲ, ಅದೇ.

ಆ್ಯಂಟಿ ಇಂಪೀರಿಯಲಿಸ್ಟ್ ಲೀಗ್ ಅಂದ್ರೆ ಏನು? ಕಮ್ಯುನಿಸ್ಟರದ್ದಾ?

ಅಲ್ಲ ಅಲ್ಲ. ಹೆಸರು ಕೇಳಿ ಹಾಗನ್ಸುತ್ತೆ, ಇದು ಅದಕ್ಕಿಂತ ಹಳೇದು. 1898ರಲ್ಲಿ ಅಮೆರಿಕ ಸ್ಪೇನ್ ಮೇಲೆ ಯುದ್ಧಕ್ಕೆ ಹೋಯ್ತು, ಕ್ಯೂಬಾನ ಬಿಡಿಸ್ತೀವಿ ಅಂತ. ಯುದ್ಧ ಮುಗಿಯೋ ಹೊತ್ತಿಗೆ ಪೋರ್ಟೊ ರಿಕೊ, ಗುವಾಮ್, ಫಿಲಿಪೈನ್ಸ್ ಎಲ್ಲ ಅಮೆರಿಕದ ಕೈಗೆ ಬಂದಿತ್ತು. 1898ರ ಡಿಸೆಂಬರ್ 10ರ ಪ್ಯಾರಿಸ್ ಒಪ್ಪಂದದಲ್ಲಿ ಫಿಲಿಪೈನ್ಸ್‌ಗೆ ಅಂತ ಸ್ಪೇನ್‌ಗೆ 2 ಕೋಟಿ ಡಾಲರ್ ಕೊಟ್ರು. ಅಲ್ಲಿ ವಾಸ ಮಾಡೋ ಜನರನ್ನ ಒಂದು ಮಾತೂ ಕೇಳ್ಲಿಲ್ಲ.

ಇದು ತಪ್ಪು ಅಂತ ಬಾಸ್ಟನ್ನಿನ ಕೆಲವ್ರಿಗೆ ಮೊದಲೇ ಅನ್ಸಿತ್ತು, 1898ರ ಜೂನ್ 15ಕ್ಕೇ ಫ್ಯಾನ್ಯುಯಿಲ್ ಹಾಲ್‌ನಲ್ಲಿ ಸಭೆ ಸೇರಿದ್ರು, ನವೆಂಬರ್‌ನಲ್ಲಿ ಲೀಗ್ ಆಯ್ತು. ಮೊದಲ ಅಧ್ಯಕ್ಷ ಜಾರ್ಜ್ ಬೌಟ್ವೆಲ್, ಲಿಂಕನ್ ಕಾಲದ ಮುದುಕ. ಮಾರ್ಕ್ ಟ್ವೇನ್, ಉಕ್ಕಿನ ಸಾಹುಕಾರ ಆ್ಯಂಡ್ರೂ ಕಾರ್ನೆಗಿ, ತತ್ವಶಾಸ್ತ್ರಜ್ಞ ವಿಲಿಯಂ ಜೇಮ್ಸ್, ಸಮಾಜ ಸೇವಕಿ ಜೇನ್ ಆ್ಯಡಮ್ಸ್, ಕಾರ್ಮಿಕ ನಾಯಕ ಸ್ಯಾಮ್ಯುಯೆಲ್ ಗಾಂಪರ್ಸ್, ಮಾಜಿ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್, ಎಲ್ಲ ಅದ್ರಲ್ಲಿ ಇದ್ರು. ಒಬ್ರಿಗೊಬ್ರು ಆಗದವ್ರೂ ಇದ್ರು. ಕಾರ್ನೆಗಿ, ಗಾಂಪರ್ಸ್ ಒಂದೇ ಲಿಸ್ಟ್‌ನಲ್ಲಿ ಇರೋದು ನೋಡಿದ್ರೆ ಗೊತ್ತಾಗುತ್ತೆ. ಎಲ್ರೂ ಶುದ್ಧ ಮನಸಿನವ್ರು ಅಂತಲೂ ಅಲ್ಲ, ಬಿಳಿಯರಲ್ಲದ ಜನ ನಮ್ಮ ದೇಶದೊಳಗೆ ಸೇರ್ಕೋಬಾರ್ದು ಅನ್ನೋ ಕಾರಣಕ್ಕೆ ವಿರೋಧಿಸಿದವ್ರೂ ಆ ಚಳವಳಿಯಲ್ಲಿ ಇದ್ರು, ಅದನ್ನ ಮುಚ್ಚಿಡೋದು ಬೇಡ.

ಫಿಲಿಪೈನ್ಸ್‌ನಲ್ಲಿ ಅಷ್ಟಕ್ಕೂ ಏನಾಗಿತ್ತು?

ಸ್ಪೇನ್ ವಿರುದ್ಧ ಹೋರಾಡ್ತಿದ್ದ ಫಿಲಿಪಿನೋಗಳು ತಮ್ಮದೇ ಗಣರಾಜ್ಯ ಘೋಷಿಸ್ಕೊಂಡಿದ್ರು, ನಾಯಕ ಎಮಿಲಿಯೊ ಅಗಿನಾಲ್ಡೊ. 1899ರ ಫೆಬ್ರವರಿ 4ಕ್ಕೆ ಅಮೆರಿಕದ ಸೈನ್ಯಕ್ಕೂ ಇವ್ರಿಗೂ ಗುಂಡಿನ ಚಕಮಕಿ ಶುರುವಾಯ್ತು, ಅಧಿಕೃತವಾಗಿ ಯುದ್ಧ ಮುಗೀತು ಅಂದಿದ್ದು 1902ರ ಜುಲೈ 4ಕ್ಕೆ. 4,200ಕ್ಕೂ ಹೆಚ್ಚು ಅಮೆರಿಕನ್ನರು, 20,000ಕ್ಕೂ ಹೆಚ್ಚು ಫಿಲಿಪಿನೋ ಹೋರಾಟಗಾರರು ಸತ್ರು. ಹಿಂಸೆ, ಹಸಿವು, ರೋಗ ಎಲ್ಲ ಸೇರಿ ಸತ್ತ ಸಾಮಾನ್ಯ ಜನ 2 ಲಕ್ಷದವರೆಗೆ ಅಂತ ಅಮೆರಿಕ ಸರ್ಕಾರದ ಇತಿಹಾಸ ವಿಭಾಗವೇ ಈಗ ಬರ್ಕೊಂಡಿದೆ.

ಕೊನೇ ವರ್ಷ ಬಲು ಕೆಟ್ಟದ್ದು. 1901ರ ಸೆಪ್ಟೆಂಬರ್ 28ಕ್ಕೆ ಸಮಾರ್ ದ್ವೀಪದ ಬಲಂಗಿಗಾ ಊರಲ್ಲಿ ಜನ ಎದ್ದು ಅಮೆರಿಕದ ಕ್ಯಾಂಪಿನ ಮೇಲೆ ಬಿದ್ರು, 74 ಜನರಲ್ಲಿ 48 ಸೈನಿಕರು ಸತ್ರು. ಅದಕ್ಕೆ ಸೇಡು ಅಂತ ಜನರಲ್ ಜೇಕಬ್ ಸ್ಮಿತ್ ಕೊಟ್ಟ ಆರ್ಡರ್ ಏನು ಗೊತ್ತಾ? ಕೈದಿಗಳು ಬೇಡ, ಕೊಲ್ಲಿ, ಸುಡಿ, ಜಾಸ್ತಿ ಕೊಂದಷ್ಟೂ ಜಾಸ್ತಿ ಸುಟ್ಟಷ್ಟೂ ನನಗೆ ಖುಷಿ ಅಂತ. ಎಷ್ಟು ವಯಸ್ಸಿನ ಮೇಲಿನವ್ರನ್ನ ಕೊಲ್ಲೋದು ಅಂತ ಕೈಕೆಳಗಿನ ಮೇಜರ್ ಕೇಳಿದ್ದಕ್ಕೆ ಹತ್ತು ವರ್ಷ ಅಂದ. ಇದು ವಿರೋಧಿಗಳು ಕಟ್ಟಿದ ಕಥೆ ಅಲ್ಲ, ಕೋರ್ಟ್ ಮಾರ್ಷಲ್‌ನಲ್ಲಿ ಬಂದ ವಿಷಯ.

ಇತ್ತ ಬಟಾಂಗಸ್ ಪ್ರಾಂತ್ಯದಲ್ಲಿ ಜನರಲ್ ಫ್ರಾಂಕ್ಲಿನ್ ಬೆಲ್ ಹಳ್ಳಿ ಜನರನ್ನೆಲ್ಲ ಗೊತ್ತು ಮಾಡಿದ ಜಾಗಕ್ಕೆ ತುಂಬಿ, ಹೊರಗಡೆ ಉಳಿದ ದವಸ ಧಾನ್ಯ, ದನ ಕರು ಎಲ್ಲ ಜಪ್ತಿ ಇಲ್ಲ ನಾಶ ಅಂದ. ಕ್ಯೂಬಾದಲ್ಲಿ ಸ್ಪೇನ್ ಇದೇ ಥರ ಜನರನ್ನ ಕೂಡಿ ಹಾಕ್ತಿದೆ, ಅಯ್ಯೋ ಎಂಥಾ ಕ್ರೌರ್ಯ ಅಂತ ಕೂಗೇ ಅಲ್ವಾ ಅಮೆರಿಕ ನಾಲ್ಕು ವರ್ಷ ಹಿಂದೆ ಯುದ್ಧಕ್ಕೆ ಹೋಗಿದ್ದು!

ಕಾಡ್ಮನ್ ಬರೆದದ್ದು ಏನು?

1902ರಲ್ಲಿ ಬಾಸ್ಟನ್ನಿನಿಂದ ಒಂದು ಸಣ್ಣ ಪುಸ್ತಕ ಬಂತು, ಹೆಸರು 'ಸೆಕ್ರೆಟರಿ ರೂಟ್ಸ್ ರೆಕಾರ್ಡ್: ಮಾರ್ಕ್ಡ್ ಸಿವಿಯರಿಟೀಸ್ ಇನ್ ಫಿಲಿಪೈನ್ ವಾರ್‌ಫೇರ್'. ಬರೆದವ್ರು ಇಬ್ರು, ಹಿರಿಯ ವಕೀಲ ಮೂರ್‌ಫೀಲ್ಡ್ ಸ್ಟೋರಿ ಮತ್ತು ಮೂವತ್ತರ ಆಚೀಚೆ ಇದ್ದ ಕಾಡ್ಮನ್. ಗುರಿ ಯುದ್ಧ ಮಂತ್ರಿ ಎಲಿಹು ರೂಟ್. ಈತ 1902ರ ಫೆಬ್ರವರಿಯಲ್ಲಿ ಸೆನೆಟ್‌ಗೆ ಬರೆದ ಕಾಗದದಲ್ಲಿ ನಮ್ಮ ಸೈನ್ಯ ನಾಗರಿಕ ಯುದ್ಧದ ನಿಯಮ ಚಾಚೂ ತಪ್ಪದೆ ಪಾಲಿಸಿದೆ, ಇಷ್ಟು ಮಾನವೀಯತೆ ಹಿಂದೆ ಯಾರೂ ತೋರಿಸಿಲ್ಲ ಅನ್ನೋ ಅರ್ಥದಲ್ಲಿ ಹೇಳಿದ್ದ. ದೌರ್ಜನ್ಯ ಮಾಡಿದವ್ರಿಗೆ ಶಿಕ್ಷೆ ಕೊಟ್ಟಿದೀವಿ ನೋಡಿ ಅಂತ 44 ವಿಚಾರಣೆಗಳ ಪಟ್ಟಿ ಕೊಟ್ಟ, ಅದ್ರಲ್ಲಿ 39 ಜನಕ್ಕೆ ಶಿಕ್ಷೆ ಆಗಿದೆ ಅಂದ.

39 ಅಂದ್ರೆ ಕೇಳೋಕೆ ಚೆನ್ನಾಗೇ ಇದೆ. ವಕೀಲ್ರು ಇಂಥಾ ಲೆಕ್ಕ ಬಿಡ್ತಾರಾ? ಶಿಕ್ಷೆ ಅಂದ್ರೆ ಏನು ಶಿಕ್ಷೆ ಅಂತ ಕೇಳಿದ್ರು. ಕೈದಿಯೊಬ್ಬನ್ನ ಕೊಂದ ಲೆಫ್ಟಿನೆಂಟ್‌ಗೆ ಕೋರ್ಟ್ ಮಾರ್ಷಲ್ ನೌಕರಿಯಿಂದ ವಜಾ, ಐದು ವರ್ಷ ಜೈಲು ಅಂತು, ಅದು ಮೇಲೆ ಹೋಗಿ ಕೆಳಗೆ ಬರೋಷ್ಟರಲ್ಲಿ ಒಂಬತ್ತು ತಿಂಗಳು ಅರ್ಧ ಸಂಬಳ ಕಟ್, ಸೀನಿಯಾರಿಟಿ ಲಿಸ್ಟ್‌ನಲ್ಲಿ ಸ್ವಲ್ಪ ಕೆಳಗೆ, ಅಷ್ಟಕ್ಕೆ ಇಳಿದಿತ್ತು. ಆತ ಮುಂದೆ ಜನರಲ್ ಕೂಡ ಆದ!

ಅದೇ ವರ್ಷ ಸೆನೆಟ್ ಕಮಿಟಿ ಮುಂದೆ ಚಾರ್ಲ್ಸ್ ರೈಲಿ ಅನ್ನೋ ಮಾಜಿ ಸೈನಿಕ ಸಾಕ್ಷಿ ಹೇಳಿದ್ದ, ಮ್ಯಾಸಚೂಸೆಟ್ಸ್‌ನವನೇ. 1900ರ ನವೆಂಬರ್‌ನಲ್ಲಿ ಇಗ್ಬರಾಸ್ ಊರಿನ ಮುಖ್ಯಸ್ಥನನ್ನ ನೀರಿನ ಟ್ಯಾಂಕಿನ ಕೆಳಗೆ ಮಲಗಿಸಿ, ಬಾಯಿ ತೆರೆಸಿ ನಲ್ಲಿ ಬಿಟ್ಟು, ಹೊಟ್ಟೆ ಊದೋವರೆಗೂ ನೀರು ತುಂಬಿ, ಆಮೇಲೆ ಒತ್ತಿ ನೀರು ಹೊರಗೆ ಬರೋ ಹಾಗೆ ಮಾಡಿ ಬಾಯಿ ಬಿಡಿಸಿದ್ದನ್ನ ಕಣ್ಣಾರೆ ಕಂಡದ್ದು ಹೇಳಿದ. ಇದಕ್ಕೆ ಸೈನ್ಯದಲ್ಲಿ ವಾಟರ್ ಕ್ಯೂರ್ ಅಂತ ಹೆಸರು. ಮಾಡಿಸಿದ ಅಧಿಕಾರಿ ಎಡ್ವಿನ್ ಗ್ಲೆನ್ ಮೇಲೆ ವಿಚಾರಣೆ ಆಗಿ ತಪ್ಪಿತಸ್ಥ ಅಂತ ತೀರ್ಪೂ ಬಂತು. ಶಿಕ್ಷೆ? ಒಂದು ತಿಂಗಳು ಸಸ್ಪೆಂಡ್, 50 ಡಾಲರ್ ದಂಡ. ಇಂಥಾ ದಂಡದ ಚೀಟಿಗಳನ್ನ ಒಂದರ ಪಕ್ಕ ಒಂದು ಇಟ್ರೆ ಬೇರೆ ವಾದನೇ ಬೇಕಾಗಲ್ಲ.

ಬೈಗುಳ ಇರೋ ಪುಸ್ತಕ ಅಂದ್ಕೊಂಡು ತೆಗೆದ್ರೆ ನಿರಾಸೆ ಆಗ್ಬಹುದು. ತಾರೀಕು, ಆರ್ಡರ್, ಯಾವಾಗ ಮಂತ್ರಿಗೆ ಗೊತ್ತಾಯ್ತು, ಗೊತ್ತಾದ ಮೇಲೆ ಏನ್ ಮಾಡಿದ, ಏನ್ ಮಾಡ್ಲಿಲ್ಲ, ಹೀಗೆ ಒಂದು ಚಾರ್ಜ್‌ಶೀಟ್ ಥರ ಸಾಗುತ್ತೆ. ಕೆಳಗಿನ ಸಿಪಾಯಿನ ಹಿಡಿದು ಬಡಿಯೋದಲ್ಲ, ಜವಾಬ್ದಾರಿ ಮೇಲಿನ ಕುರ್ಚಿಗೆ ಹೋಗ್ಬೇಕು ಅನ್ನೋದು ಅವ್ರ ಪಾಯಿಂಟ್.

ಅದ್ರಿಂದ ಏನಾದ್ರೂ ಆಯ್ತಾ?

ರೂಟ್‌ಗೆ ಏನೂ ಆಗ್ಲಿಲ್ಲ, ಆಮೇಲೆ ವಿದೇಶಾಂಗ ಮಂತ್ರಿ ಆದ, 1912ರ ನೊಬೆಲ್ ಶಾಂತಿ ಪ್ರಶಸ್ತಿನೂ ಬಂತು. ಜನರಲ್ ಸ್ಮಿತ್‌ಗೆ ಒಂದು ಎಚ್ಚರಿಕೆ ಅಂತ ಕೋರ್ಟ್ ಹೇಳ್ತು, ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಅವನನ್ನ ರಿಟೈರ್ ಮಾಡಿ ಮನೆಗೆ ಕಳ್ಸಿದ, ಅಷ್ಟೇ. ಯುದ್ಧ ಮುಗೀತು ಅಂತ ಘೋಷಣೆ ಆದ್ಮೇಲೆ ಜನಕ್ಕೂ ಬೇಜಾರಾಗಿತ್ತು, ಪೇಪರ್‌ಗಳು ಬೇರೆ ಸುದ್ದಿ ಹಿಡ್ಕೊಂಡ್ವು. ಫಿಲಿಪೈನ್ಸ್‌ಗೆ ಸ್ವಾತಂತ್ರ್ಯ ಬಂದದ್ದು 1946ರ ಜುಲೈ 4ಕ್ಕೆ, ಬಲಂಗಿಗಾ ಚರ್ಚಿನಿಂದ ಸೈನಿಕರು ಹೊತ್ಕೊಂಡು ಹೋದ ಗಂಟೆಗಳು ವಾಪಸ್ ಬಂದದ್ದು 2018ರ ಡಿಸೆಂಬರ್‌ನಲ್ಲಿ.

ಸ್ಟೋರಿ ಅಂದ್ರಲ್ಲ, ಅವ್ರು ಯಾರು?

ಅವ್ರ ಬಗ್ಗೆ ಬೇರೆನೇ ಒಂದು ಪೇಜ್ ಬರೀಬೇಕು. ಅಮೆರಿಕದ ವಕೀಲರ ಸಂಘದ ಅಧ್ಯಕ್ಷರಾಗಿದ್ದವ್ರು, ಕಪ್ಪು ಜನರ ಹಕ್ಕಿಗಾಗಿ ಹುಟ್ಟಿದ ಎನ್‌ಎಎಸಿಪಿ ಸಂಸ್ಥೆಯ ಮೊದಲ ಅಧ್ಯಕ್ಷ, 1929ರಲ್ಲಿ ಸಾಯೋವರೆಗೂ ಆ ಹುದ್ದೇಲಿ ಇದ್ರು. ಕಪ್ಪು ಜನ ಇಂಥಾ ಬೀದೀಲಿ ಮನೆ ತಗೋಬಾರ್ದು ಅನ್ನೋ ಊರಿನ ಕಾನೂನನ್ನ 1917ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಹೊಡೆದು ಹಾಕಿಸಿದ್ದು ಇವ್ರೇ. ಕಾಡ್ಮನ್‌ಗೆ ಶುರುವಿನಲ್ಲೇ ಇಂಥವ್ರ ಜೊತೆ ಕೆಲಸ ಸಿಕ್ತು.

ಸರಿ, ಪಾನನಿಷೇಧಕ್ಕೆ ಬನ್ನಿ. ಅದು ನಿಜವಾಗ್ಲೂ ಇಡೀ ದೇಶಕ್ಕಾ?

ಹೌದು, ಇಡೀ ದೇಶಕ್ಕೆ, ಅದೂ ಸಂವಿಧಾನದಲ್ಲೇ ಬರೆದು. 18ನೇ ತಿದ್ದುಪಡಿ 1919ರ ಜನವರಿಯಲ್ಲಿ ಪಾಸಾಗಿ 1920ರ ಜನವರಿ 17ಕ್ಕೆ ಜಾರಿ ಆಯ್ತು. ಅದರ ಜಾರಿಗೆ ಬಂದ ವೋಲ್‌ಸ್ಟೆಡ್ ಕಾನೂನು 0.5 ಪರ್ಸೆಂಟ್ ಆಲ್ಕೋಹಾಲ್ ಇದ್ರೂ ಅದು ಮದ್ಯನೇ ಅಂತು, ಅಂದ್ರೆ ತೆಳು ಬಿಯರ್ ಕೂಡ ಹೋಯ್ತು. ಅಧ್ಯಕ್ಷ ವಿಲ್ಸನ್ ವೀಟೋ ಹಾಕಿದ್ರೂ ಸಂಸತ್ತು ಕೇಳ್ಲಿಲ್ಲ. ತಿದ್ದುಪಡಿ ನಿಷೇಧಿಸಿದ್ದು ತಯಾರಿಕೆ, ಮಾರಾಟ, ಸಾಗಾಟ. ಕುಡಿಯೋದು ಅಪರಾಧ ಆಗಿರ್ಲಿಲ್ಲ! ಹಾಗಾಗಿ ದುಡ್ಡಿದ್ದವ್ರು 1920ಕ್ಕೆ ಮೊದಲೇ ಮನೆ ನೆಲಮಾಳಿಗೆ ತುಂಬಿಸ್ಕೊಂಡ್ರು, ಕೂಲಿ ಮಾಡೋನ ಸಂಜೆಯ ಬಿಯರ್ ಮಾತ್ರ ನಿಂತೋಯ್ತು, ಆಮೇಲೆ ಅವನಿಗೆ ಸಿಕ್ಕಿದ್ದು ಕಳ್ಳಭಟ್ಟಿ.

1926ರ ಸೆನೆಟ್ ವಿಚಾರಣೆಯಲ್ಲಿ ಇವ್ರ ಪಾತ್ರ ಏನು?

ಇದೇ ಇವ್ರ ಎರಡನೇ ದೊಡ್ಡ ಕೇಸ್. 1926ರ ಏಪ್ರಿಲ್‌ನಲ್ಲಿ ಸೆನೆಟ್ ನ್ಯಾಯ ಸಮಿತಿಯ ಉಪಸಮಿತಿ ಎದುರು ಮೂರು ವಾರದ ಹತ್ತತ್ರ ವಿಚಾರಣೆ ನಡೀತು. ಕಾನೂನು ಸಡಿಲ ಮಾಡಿ, ಬಿಯರ್ರು ಲೈಟ್ ವೈನ್ ಆದ್ರೂ ಬಿಡಿ ಅನ್ನೋರ ಪರ ವಕೀಲ ಕಾಡ್ಮನ್. ನಿಷೇಧದ ಪರ ಆ್ಯಂಟಿ ಸಲೂನ್ ಲೀಗ್‌ನ (ಸಲೂನ್ ಅಂದ್ರೆ ಅಲ್ಲಿ ಹೆಂಡದಂಗಡಿ) ವೇಯ್ನ್ ವೀಲರ್, ಆ ಕಾಲದಲ್ಲಿ ಸಂಸದರೇ ಹೆದರ್ತಿದ್ದ ಮನುಷ್ಯ.

ಕಾಡ್ಮನ್ ಶುರುವಿನಲ್ಲೇ ಏನೇನು ಸಾಬೀತು ಮಾಡ್ತೀನಿ ಅಂತ ಒಂದೊಂದಾಗಿ ಹೇಳಿದ್ರು. ಈ ಕಾನೂನು ಜಾರಿ ಆಗಿಲ್ಲ, ಆಗೋದೂ ಇಲ್ಲ. ಕುಡಿತ ನಿಲ್ಸಿಲ್ಲ, ಬಿಯರ್ ಕುಡೀತಿದ್ದವ್ರನ್ನ ಸ್ಟ್ರಾಂಗ್ ಸಾರಾಯಿಗೆ ತಳ್ಳಿದೆ. ಹುಡುಗ್ರು ಹಾಳಾಗ್ತಿದಾರೆ, ಕೋರ್ಟು ಜೈಲು ತುಂಬಿವೆ, ಅಧಿಕಾರಿಗಳು ಲಂಚಕ್ಕೆ ಬಿದ್ದಿದಾರೆ, ಕೊನೆಗೆ ಬೇರೆ ಕಾನೂನುಗಳ ಮೇಲೂ ಜನಕ್ಕೆ ಗೌರವ ಹೋಗಿದೆ ಅಂತ.

ಆಮೇಲೆ ಬಂದ ಸಾಕ್ಷಿಗಳಲ್ಲಿ ಕುಡುಕರ ಸಂಘದವ್ರು ಯಾರೂ ಇಲ್ಲ, ನಿಷೇಧ ಜಾರಿ ಮಾಡೋಕೆ ಸಂಬಳ ತಗೊಳ್ತಿದ್ದ ಜನರೇ! ಖಜಾನೆ ಇಲಾಖೆಯಲ್ಲಿ ನಿಷೇಧ ಜಾರಿಯ ಮುಖ್ಯಸ್ಥ ಜನರಲ್ ಲಿಂಕನ್ ಆ್ಯಂಡ್ರೂಸ್ ಬಂದು ಕೂತ್ರು. 1925ರಲ್ಲಿ ಹಿಡಿದ ಕಳ್ಳಭಟ್ಟಿಗಳ ಲೆಕ್ಕ 1.7 ಲಕ್ಷ ದಾಟಿತ್ತು. ಇದ್ದದ್ದರಲ್ಲಿ ಎಷ್ಟು ಹಿಡೀತಿದೀರಿ ಅನ್ನೋದಕ್ಕೆ ಹತ್ತರಲ್ಲಿ ಒಂದು ಅನ್ನೋ ಅಂದಾಜು ಬಂತು. ಲಂಚದ ಕಾರಣಕ್ಕೆ ನೂರಾರು ಏಜೆಂಟರನ್ನ ಕೆಲಸದಿಂದ ತೆಗೆದದ್ದೂ ಹೊರಗೆ ಬಂತು. ಪ್ರಶ್ನೆ ಕೇಳ್ತಿದ್ದ ಸೆನೆಟರ್ ಜೇಮ್ಸ್ ರೀಡ್ ಅಂತೂ ಪಾಟೀಸವಾಲಿನಲ್ಲಿ ಪಳಗಿದವ್ರು, ಬಿಡೋ ಪೈಕಿ ಅಲ್ಲ. ನ್ಯೂಯಾರ್ಕಿನ ಸರ್ಕಾರಿ ಪ್ರಾಸಿಕ್ಯೂಟರ್ ಎಮರಿ ಬಕ್ನರ್ ಬಂದು ತಮ್ಮ ಕೋರ್ಟುಗಳಲ್ಲಿ ಈ ಕೇಸ್‌ಗಳ ರಾಶಿ ಹೇಗೆ ಬಿದ್ದಿದೆ ಅಂತ ಹೇಳಿದ್ರು. 1902ರಲ್ಲಿ ಕೋರ್ಟ್ ಮಾರ್ಷಲ್ ಕಾಗದ, 1926ರಲ್ಲಿ ಅಬಕಾರಿ ಲೆಕ್ಕ, ಕೆಲಸ ಒಂದೇ.

ಹಾಗಾದ್ರೆ ಆವಾಗ್ಲೇ ಕಾನೂನು ಬದಲಾಯ್ತಾ?

ಇಲ್ಲ. ಉಪಸಮಿತಿ ಬಹುಮತ ಸಡಿಲಿಕೆ ಬೇಡ ಅಂತು. ಆದ್ರೆ ಪೇಪರ್‌ಗಳಲ್ಲಿ ದಿನಾ ಬಂದ ಸುದ್ದಿ ವಾಪಸ್ ಹೋಗಲ್ವಲ್ಲ. ಅದೇ ನವೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಜನ ಸಡಿಲಿಕೆ ಪರ ಓಟು ಹಾಕಿದ್ರು, 1930ರಲ್ಲಿ ಕಾಡ್ಮನ್ ಅವ್ರದ್ದೇ ಮ್ಯಾಸಚೂಸೆಟ್ಸ್ ತನ್ನ ರಾಜ್ಯದ ಜಾರಿ ಕಾನೂನನ್ನೇ ಓಟಿನಿಂದ ರದ್ದು ಮಾಡ್ತು.

ನಿಜ ಹೇಳಿ, ಇದು ಬಿಯರ್ ಕಂಪನಿ, ಶ್ರೀಮಂತರ ಲಾಬಿ ಅಲ್ವಾ?

ಭಾಗಶಃ ಹೌದು. ನಿಷೇಧ ವಿರೋಧಿಗಳ ದೊಡ್ಡ ಸಂಘಟನೆ, ವಿಲಿಯಂ ಸ್ಟೇಟನ್ ಅನ್ನೋ ಮಾಜಿ ನೌಕಾಧಿಕಾರಿ ಕಟ್ಟಿದ್ದು, ಮುಂದೆ ಪಿಯರ್ ಡುಪಾಂಟ್, ಜಾನ್ ರಾಸ್ಕೋಬ್ ಥರದ ಕೋಟ್ಯಧೀಶರ ದುಡ್ಡಿನಲ್ಲಿ ನಡೀತು. ಮದ್ಯದ ತೆರಿಗೆ ವಾಪಸ್ ಬಂದ್ರೆ ನಮ್ಮ ಇನ್‌ಕಂ ಟ್ಯಾಕ್ಸ್ ಕಡಿಮೆ ಆಗುತ್ತೆ ಅನ್ನೋ ಲೆಕ್ಕ ಅವ್ರಿಗಿತ್ತು, ಅದನ್ನ ಬಾಯಿ ಬಿಟ್ಟೇ ಹೇಳಿದ್ರು. ಹೆಂಡತಿ ಮಕ್ಕಳನ್ನ ಬಡಿಯೋ ಕುಡುಕ ಗಂಡಂದಿರ ಬಗ್ಗೆ ಈ ಗಂಡಸರು ಮಾತಾಡಿದ್ದು ಕಡಿಮೆ, ನಿಷೇಧ ಕೇಳಿದ ಹೆಂಗಸರ ಸಂಕಟ ಸುಳ್ಳಲ್ಲ. ಆ ಪ್ರಶ್ನೆಗೆ ಕಾಡ್ಮನ್ ಕಡೆಯವ್ರ ಹತ್ರ ಗಟ್ಟಿ ಉತ್ತರ ಇರ್ಲಿಲ್ಲ ಅಂತಲೇ ನನ್ನ ಅಭಿಪ್ರಾಯ. ಆದ್ರೆ 1902ರಲ್ಲಿ ಫಿಲಿಪಿನೋಗಳ ಪರ ಬರೆಯೋಕೆ ಯಾವ ಡುಪಾಂಟೂ ದುಡ್ಡು ಕೊಟ್ಟಿರ್ಲಿಲ್ಲ, ದೇಶದ್ರೋಹಿ ಅನ್ನೋ ಬಿರುದು ಫ್ರೀ ಸಿಗೋ ಕಾಲ ಅದು. ಅದಕ್ಕೇ ಇವ್ರನ್ನ ಬರೀ ಲಾಬಿ ವಕೀಲ ಅಂತ ತಳ್ಳಿಹಾಕೋಕೆ ಮನಸು ಬರಲ್ಲ.

ರೂಟ್ ಮತ್ತೆ ಎಲ್ಲೋ ಬರ್ತಾನಂತೆ?

ಬರ್ತಾನೆ, ಮಜಾ ಇರೋದೇ ಇಲ್ಲಿ. 1920ರಲ್ಲಿ 18ನೇ ತಿದ್ದುಪಡಿನೇ ಸಂವಿಧಾನಬಾಹಿರ ಅಂತ ಸುಪ್ರೀಂ ಕೋರ್ಟ್‌ಗೆ ಹೋದ ಕೇಸ್‌ಗಳಲ್ಲಿ ಬಿಯರ್ ತಯಾರಕರ ಪರ ವಾದ ಮಾಡಿದ ವಕೀಲ ಯಾರು ಅಂದ್ಕೊಂಡ್ರಿ? ಅದೇ ಎಲಿಹು ರೂಟ್! ಜನರ ಒಪ್ಪಿಗೆ, ರಾಜ್ಯಗಳ ಸ್ವಂತ ಅಧಿಕಾರ ಎಲ್ಲ ಆವಾಗ ನೆನಪಾಯ್ತು. ಜೂನ್ 7ಕ್ಕೆ ತೀರ್ಪು ಬಂತು, ಸೋತ. ಹೀಗೆ ಕಾಡ್ಮನ್ ಒಂದು ಕಾಲಕ್ಕೆ ಚಾರ್ಜ್‌ಶೀಟ್ ಬರೆದ ಮನುಷ್ಯನ ಜೊತೆ ಒಂದೇ ಪಕ್ಷದಲ್ಲಿ ನಿಂತಂಗಾಯ್ತು.

ನಮ್ಮಲ್ಲಿ ಇದು ಉಲ್ಟಾ ಅಲ್ವಾ? ಗಾಂಧಿ ಸಾಮ್ರಾಜ್ಯ ವಿರೋಧಿ, ಆದ್ರೆ ಪಾನನಿಷೇಧದ ಪರ.

ಪೂರ್ತಿ ಉಲ್ಟಾ. ಇಲ್ಲಿ ಹೆಂಡದಂಗಡಿ ಅಂದ್ರೆ ಸರ್ಕಾರದ ಅಬಕಾರಿ ಆದಾಯ, ಅಂಗಡಿ ಮುಂದೆ ಪಿಕೆಟಿಂಗ್ ಮಾಡಿದ್ರೆ ಬ್ರಿಟಿಷರ ಜೇಬಿಗೇ ಕೈ ಹಾಕಿದಂಗೆ. 1930ರ ಜನವರಿಯಲ್ಲಿ ಗಾಂಧಿ ಮುಂದಿಟ್ಟ 11 ಬೇಡಿಕೆಗಳಲ್ಲಿ ಮೊದಲನೇದೇ ಸಂಪೂರ್ಣ ಪಾನನಿಷೇಧ. ಮೈಸೂರು ಸೀಮೆಯಲ್ಲಿ 1939ರ ತುರುವನೂರು ಸತ್ಯಾಗ್ರಹ ಓದಿರ್ತೀರಿ, ಚಿತ್ರದುರ್ಗದ ಹತ್ರ ಜನ ಈಚಲ ಮರ ಕಡಿದ್ರು. ಅದ್ರಲ್ಲಿ ಜೈಲಿಗೆ ಹೋದ ಎಸ್. ನಿಜಲಿಂಗಪ್ಪ ಕೂಡ ವಕೀಲರೇ, ಅದರ ದೆಸೆಯಿಂದ ಅವ್ರ ವಕೀಲಿ ಸನದೂ ಹೋಯ್ತು. ಮುಂದೆ ಅವ್ರೇ ಮುಖ್ಯಮಂತ್ರಿ ಆಗಿದ್ದಾಗ 1967ರಲ್ಲಿ ರಾಜ್ಯದಲ್ಲಿ ಪಾನನಿಷೇಧ ತೆಗೆದ್ರು ಅನ್ನೋದನ್ನೂ ಜೊತೆಗೇ ಹೇಳ್ಬೇಕು. ಮರ ಕಡಿಯೋವಾಗ ಹೆಂಡದ ದುಡ್ಡು ಹೋಗ್ತಿದ್ದದ್ದು ಬೇರೆಯವ್ರ ಖಜಾನೆಗೆ, 1967ರಲ್ಲಿ ಖಜಾನೆ ನಮ್ಮದೇ. ಸಿನಿಕತನ ಅನ್ಸಿದ್ರೆ ಕ್ಷಮಿಸಿ, ಅಬಕಾರಿ ಆದಾಯ ಬಿಟ್ಟು ಬಜೆಟ್ ಮಾಡಿ ತೋರ್ಸಿ ಅಂದ್ರೆ ಇವತ್ತಿನ ಯಾವ ಸರ್ಕಾರವೂ ಬೆವರುತ್ತೆ.

ಕೊನೆಗೆ ಕಾಡ್ಮನ್ ಗೆದ್ರಾ?

ನೋಡೋಕೆ ಇರ್ಲಿಲ್ಲ. 1932ರಲ್ಲಿ ತೀರ್ಕೊಂಡ್ರು. 1933ರ ಫೆಬ್ರವರಿಯಲ್ಲಿ ಸಂಸತ್ತು ರದ್ದತಿ ತಿದ್ದುಪಡಿನ ರಾಜ್ಯಗಳಿಗೆ ಕಳ್ಸಿತು, ಡಿಸೆಂಬರ್ 5ಕ್ಕೆ 21ನೇ ತಿದ್ದುಪಡಿ ಪಾಸಾಗಿ ಪಾನನಿಷೇಧ ಹೋಯ್ತು.

ಮೂಲ ಓದ್ಬೇಕು ಅಂದ್ರೆ ಎಲ್ಲಿಂದ ಶುರು ಮಾಡ್ಲಿ?

1902ರ ಪುಸ್ತಕ ಕಾಪಿರೈಟ್ ಮುಗಿದದ್ದು, ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿದ್ರೆ ಸ್ಕ್ಯಾನ್ ಸಿಗುತ್ತೆ, ಉದ್ದ ಇಲ್ಲ, ಒಂದು ಭಾನುವಾರ ಸಾಕು. 1926ರ ವಿಚಾರಣೆ ಸರ್ಕಾರವೇ ಅಚ್ಚು ಹಾಕಿಸಿದ ದಪ್ಪ ರೆಕಾರ್ಡ್, ಪೂರ್ತಿ ಓದೋಕೆ ಹೋಗ್ಬೇಡಿ, ತಲೆ ಕೆಡುತ್ತೆ. ಮೊದಲು ಕಾಡ್ಮನ್ ಶುರುವಿನ ಹೇಳಿಕೆ ಓದಿ, ಅಲ್ಲಿಂದ ಸೀದಾ ಆ್ಯಂಡ್ರೂಸ್‌ಗೆ ರೀಡ್ ಪ್ರಶ್ನೆ ಕೇಳೋ ಭಾಗಕ್ಕೆ ಹಾರಿ. ವೀಲರ್ ಕಡೆಯವ್ರ ಸಾಕ್ಷಿನೂ ಸ್ವಲ್ಪ ನೋಡಿ, ಎಲ್ಲವೂ ಬುರುಡೆ ಅಲ್ಲ.